ನಾನು ಬಿಟ್ಟುಬಂದ ಮನೆಯ ಸೊಸೆ

ಭಾಲ್ಕಿಯ ನಮ್ಮ ಸರ್ಕಾರಿ ದವಾಖಾನೆಯಲ್ಲಿ ಮಂಗಳವಾರವೆಂದರೆ ಆಪರೇಷನ್ ದಿನ. ಮಕ್ಕಳು ಇನ್ನು ಸಾಕು ಎಂದುಕೊಂಡ ಹೆಂಗಸರು ಹೊಟ್ಟೆಗೆ ಏನೂ ಹಾಕಿಕೊಳ್ಳದೆ, ತಾಯಿ ಕಾರ್ಡು ಹಿಡಿದುಕೊಂಡು ಎಂಟು ಗಂಟೆಗೆಲ್ಲ ಬಂದು ಕೂರುತ್ತಾರೆ. ಸರ್ಜನ್ ಬೀದರಿನಿಂದ ವಾರಕ್ಕೊಮ್ಮೆ ಬರುತ್ತಾರೆ. ಅವರು ಬರುವುದರೊಳಗೆ ಪ್ರತಿಯೊಬ್ಬಳ ಫಾರಂ ತುಂಬಿ, ರಕ್ತ, ಮೂತ್ರ, ಬಿ.ಪಿ. ನೋಡಿಸಿ, ಒಬ್ಬೊಬ್ಬಳನ್ನೂ ಬೇರೆ ಕೂಡಿಸಿ ಮಾತಾಡುವುದು ನನ್ನ ಕೆಲಸ. ಓದಿದ್ದು ನರ್ಸಿಂಗ್, ಮಾಡುವುದು ಕುಟುಂಬ ಯೋಜನೆಯ ಸಮಾಲೋಚನೆ. ಇದು ಮತ್ತೆ ಬಿಚ್ಚಲಾಗದ ಗಂಟು ಎಂದು ತಿಳಿದಿದೆಯೇ, ಯಾರಾದರೂ ಒತ್ತಾಯ ಮಾಡಿ ಕಳಿಸಿದ್ದಾರೆಯೇ, ಕೊನೆಯ ಗಳಿಗೆಯಲ್ಲೂ ಬೇಡವೆಂದು ಎದ್ದು ಹೋಗಬಹುದು ಎಂಬುದು ಗೊತ್ತಿದೆಯೇ, ಇಷ್ಟನ್ನು ಕೇಳದೆ ನಾನು ಸಹಿ ಹಾಕಿದವಳಲ್ಲ.

ಆ ಮಂಗಳವಾರ ಒಂಬತ್ತನೆಯವಳಾಗಿ ಒಳಗೆ ಬಂದವಳ ಮಡಿಲಲ್ಲಿ ನಾಲ್ಕು ತಿಂಗಳ ಕೂಸಿತ್ತು. ಜೊತೆಗೆ ಅವಳ ತಾಯಿ ಬಂದಿದ್ದಳು. ವಯಸ್ಸು ಇಪ್ಪತ್ತಾರು. ಮಕ್ಕಳು ಮೂರು, ಮೂರೂ ಹೆಣ್ಣು. ತವರು ಭಾಲ್ಕಿಯ ಪಕ್ಕದ ಹಳ್ಳಿ, ಬಾಣಂತನಕ್ಕೆ ಬಂದಿದ್ದಾಳೆ. ಗಂಡನ ಊರು ಯಾವುದೆಂದು ಕೇಳಿದೆ. ಔರಾದ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ಹೇಳಿದಳು. ಗಂಡನ ಹೆಸರನ್ನೂ ಹೇಳಿದಳು. ನನ್ನ ಪೆನ್ನು ನಿಂತಿತು. ಅದು ನಾನು ಎಂಟು ವರ್ಷ ಬಾಳಿದ ಊರು. ಆ ಹೆಸರಿನವನು ಹಿಂದೆ ನನ್ನ ಗಂಡನಾಗಿದ್ದವನು.

"ನೀವು ಯಾರಂತ ಗೊತ್ತದರಿ ಅಕ್ಕಾ," ಎಂದಳು ಅವಳು, ಕೂಸಿನ ಟೊಪ್ಪಿಗೆ ಸರಿಮಾಡುತ್ತ. "ಗೊತ್ತಿದ್ದೇ ಬಂದೀನಿ. ಔರಾದದಾಗ ಮಾಡಿಸಿದ್ರ ಸಂಜೀತನಾ ಮನಿಗೆ ಸುದ್ದಿ ಮುಟ್ತದ. ನೀವಾದ್ರ ಹೇಳಂಗಿಲ್ಲ."

ನಾನು ಆ ಮನೆ ಬಿಟ್ಟಿದ್ದೇಕೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಮೊದಲ ಮಗಳು ಹುಟ್ಟಿದ ಮೇಲೆ ಎರಡನೆಯ ಸಲ ಬಸುರಾದಾಗ ಗಂಡನ ಮನೆಯವರು ರಾಜ್ಯದ ಗಡಿಯಾಚೆಯ ಒಂದು ಊರಿಗೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದರು. ಹೆಣ್ಣೆಂದು ತಿಳಿಯಿತು. ತೆಗೆಸೋಣ ಎಂದರು. ನರ್ಸಾಗಿದ್ದೂ ಒಪ್ಪಿದೆ. ಮೂರನೆಯ ಸಲವೂ ಅದೇ ಆಯಿತು. ಆಗ ಒಪ್ಪಲಿಲ್ಲ. ದೊಡ್ಡವಳ ಕೈ ಹಿಡಿದು ಭಾಲ್ಕಿಗೆ ಬಂದೆ. ಚಿಕ್ಕವಳು ಇಲ್ಲೇ ಹುಟ್ಟಿದಳು. ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಬಿಡುಗಡೆಯಾಯಿತು. ಅವನು ಮರುಮದುವೆಯಾದ. ಇಷ್ಟು ಕೇಳಿದವರು ನಾನು ಆ ಮನೆಯನ್ನು ಶಪಿಸುತ್ತಿರಬೇಕು ಎಂದುಕೊಳ್ಳುತ್ತಾರೆ. ಆದರೆ ಬೀದರಿನಲ್ಲಿ ನಾನು ಟ್ರೇನಿಂಗ್ ಮಾಡುತ್ತಿದ್ದಾಗ, ಕಂಡಕ್ಟರನ ಕೈಯಲ್ಲಿ ಮೂರು ದಿನಕ್ಕೊಮ್ಮೆ ರೊಟ್ಟಿಯ ಗಂಟು ಕಳಿಸುತ್ತಿದ್ದವಳು ಆ ಮನೆಯ ಅತ್ತೆ. ಸೊಸೆ ಹಾಸ್ಟೆಲಿನಲ್ಲಿದ್ದು ಓದುವುದೆಂದರೇನು ಎಂದು ಮನೆಯ ಗಂಡಸರು ಕೂಗಾಡಿದಾಗ, "ಓದಿ ಬರ್ಲಿ, ನನ್ನ ಮನಿಗೂ ಒಬ್ಬಾಕಿ ಡಾಕ್ಟರ್ ಬೇಕು," ಎಂದು ಅವರ ಬಾಯಿ ಮುಚ್ಚಿಸಿದವಳೂ ಅವಳೇ. ಚಿಕ್ಕವಳು ಹುಟ್ಟಿದ ಹದಿಮೂರನೆಯ ದಿನ, ನ್ಯಾಯ ಇನ್ನೂ ಹರಿದಿರಲಿಲ್ಲ, ಬಸ್ಸು ಹತ್ತಿ ಬಂದು ಕೂಸಿಗೆ ಎಣ್ಣೆ ತಿಕ್ಕಿ, ಎರೆದು, ಅಳುತ್ತ ಹೋದಳು. ನನ್ನನ್ನು ಹೆತ್ತವಳು ನಾನು ಸಣ್ಣವಳಿರುವಾಗಲೇ ತೀರಿಕೊಂಡಿದ್ದಳು. ತಾಯಿ ಎಂದರೆ ನನಗೆ ಇಂದಿಗೂ ಕಣ್ಣೆದುರು ಬರುವುದು ಅತ್ತೆಯ ಮುಖ.

ಫಾರಂ ಮುಂದುವರಿಸಿದೆ. ನಡುವೆ ಎರಡು ಸಲ ತೆಗೆಸಿದ್ದಾರೆ ಎಂದಳು.

"ಹಾಗಾದರೆ ಈಕೆ?" ಎಂದು ಕೂಸನ್ನು ತೋರಿಸಿದೆ.

"ಸ್ಕ್ಯಾನ್ ಮಿಷನ್ನಿನವರು ಗಂಡು ಅಂದಿದ್ರಂತರಿ. ಅದಕ್ಕೇ ಈಕಿ ಉಳದಾಳ."

ಹಿಮೋಗ್ಲೋಬಿನ್ 6.4 ಬಂತು. ಏಳಕ್ಕಿಂತ ಕಡಿಮೆಯಿದ್ದರೆ ಟೇಬಲ್ ಹತ್ತಿಸುವಂತಿಲ್ಲ. ನಾನು ಬೇರೆ ದಾರಿಗಳನ್ನು ಹೇಳಿದೆ. ವಂಕಿ, ಅಂದರೆ ಕಾಪರ್-ಟಿ, ಹಾಕಿಸಬಹುದಲ್ಲ ಎಂದರೆ, ಎರಡನೆಯವಳು ಹುಟ್ಟಿದ ಮೇಲೆ ಹಾಕಿಸಿಕೊಂಡಿದ್ದೆ, ಗೊತ್ತಾಗಿ ತೆಗೆಸಿದರು ಎಂದಳು. ಗರ್ಭ ನಿಲ್ಲದಂತೆ ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರ' ಇಂಜೆಕ್ಷನ್ನಿನ ಮಾತು ತೆಗೆದೆ.

"ಅದು ತಗೊಂಡ್ರ ತಿಂಗಳಿಂದು ಏರುಪೇರು ಆಗ್ತದಂತಲ್ರಿ. ನನ್ನ ದಿನ ನನಗಿಂತ ಅತ್ತಿಗೇ ಬರೋಬರ್ ಗೊತ್ತಿರ್ತಾವ. ಜರಾ ಮುಂದ ಹೋದ್ರ ಗಡಿ ದಾಟಿಸಿ ಮಿಷನ್ ಕೆಳಗ ಮಲಗಿಸ್ತಾರ. ನನಗ ಪೂರಾ ಮುಗಿಸಿಬಿಡ್ರಿ ಅಕ್ಕಾ. ಮೈಯಾಗ ಏನೂ ಉಳದಿಲ್ಲ."

ಮೂರು ವಾರದೊಳಗೆ ಗಂಡನ ಮನೆಯವರು ಕರೆದೊಯ್ಯಲು ಬರುತ್ತಾರೆ. ಅಂದರೆ ನಮ್ಮ ಕೈಯಲ್ಲಿ ಇನ್ನೆರಡು ಮಂಗಳವಾರಗಳಿದ್ದವು. ದವಾಖಾನೆಯ ಲೇಡಿ ಡಾಕ್ಟರು ರಕ್ತನಾಳದಲ್ಲಿ ಕಬ್ಬಿಣಾಂಶದ ಇಂಜೆಕ್ಷನ್ ಬರೆದುಕೊಟ್ಟರು, ದಿನ ಬಿಟ್ಟು ದಿನ. ಕೂಸಿಗೆ ತೋರಿಸಲಿಕ್ಕೆ ಎಂದು ಮನೆಯಲ್ಲಿ ಹೇಳಿ ಅವಳು ಬಸ್ಸಿನಲ್ಲಿ ಬರುತ್ತಿದ್ದಳು. ಸಲೈನ್ ಬಾಟಲಿ ಹನಿಯುವಾಗ ಪಕ್ಕದಲ್ಲಿ ಕೂತಿರುತ್ತಿದ್ದೆ. ಅವಳು ಆ ಮನೆಯ ಸುದ್ದಿ ಹೇಳುತ್ತಿದ್ದಳು. ಹಿತ್ತಲಿನ ಬಾವಿಗೆ ಜಾಲರಿ ಹಾಕಿಸಿದ್ದಾರೆ. ಅತ್ತೆಗೆ ಈಗ ಒಂದು ಕಣ್ಣು ಮಂಜು. ಅವನು ಬೀದರಿನ ಕೊಳಾರದಲ್ಲಿ ಕಾರ್ಖಾನೆ ಕೆಲಸಕ್ಕಿದ್ದಾನೆ, ಭಾನುವಾರ ಮಾತ್ರ ಬರುತ್ತಾನೆ. ನಾನು ಕೇಳದೆಯೇ ಹೇಳುತ್ತಿದ್ದಳು. ಬೇಡವೆನ್ನಲು ನನ್ನಿಂದ ಆಗುತ್ತಿರಲಿಲ್ಲ.

ಎರಡನೆಯ ಮಂಗಳವಾರ 6.8. ಮತ್ತೆ ಆಗಲಿಲ್ಲ. ಮುಂದಿನ ವಾರದ ಪಟ್ಟಿಗೆ ಸೇರಿಸಲೆಂದು ಫೈಲನ್ನು ಸರ್ಜನ್‌ಗೆ ತೋರಿಸಿದೆ.

"ಗಂಡನ ಸಹಿ ಎಲ್ಲಿ?" ಎಂದರು.

"ಬೇಕಿಲ್ಲ ಸರ್. ಹೆಂಗಸಿನ ಒಪ್ಪಿಗೆ ಒಂದೇ ಸಾಕು ಅಂತ ನಿಯಮ ಅದ."

"ನಿಯಮ ನನಗೂ ಗೊತ್ತದ ಸಿಸ್ಟರ್. ಹಿಂದಕ ಒಂದ್ ಕಡಿ ಗಂಡನ ಮನಿಯವರು ಬಂದು ನನ್ನ ಕಾಲರ್ ಹಿಡಿದ್ರು. ಆಗ ನಿಯಮ ನಡುವ ಬರ್ಲಿಲ್ಲ. ಮ್ಯಾಲಿನವರ ಕಡಿಂದ ಕಾಗದದಾಗ ತರ್ರಿ, ಮಾಡ್ತೇನಿ."

ಅವರನ್ನು ದೂರಲು ನನಗೆ ಮನಸ್ಸು ಬರಲಿಲ್ಲ. ಗುರುವಾರ ರಜೆ ಹಾಕಿ ಬೀದರಿಗೆ ಹೋದೆ. ಆರೋಗ್ಯ ಇಲಾಖೆಯ ಕಚೇರಿಯಲ್ಲಿ ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತೆ. ಊಟದ ಬಿಡುವಾದ ಮೇಲೆ ಅಧಿಕಾರಿ ಮೇಡಂ ಒಳಗೆ ಕರೆದರು. ವಿಷಯ ಕೇಳಿ, ಕಪಾಟಿನಿಂದ ಸುತ್ತೋಲೆ ತೆಗೆಸಿ, ಪ್ರತಿ ಮಾಡಿಸಿ, ಸಹಿ ಹಾಕಿ ಶಿಕ್ಕಾ ಒತ್ತಿಸಿದರು. ಕಾಗದವನ್ನು ನನ್ನ ಕೈಗೆ ಕೊಡುವ ಮುನ್ನ ಕನ್ನಡಕ ತೆಗೆದರು.

"ಒಂದು ಕೇಸಿನ ಸಲುವಾಗಿ ರಜಾ ಹಾಕಿ ಇಷ್ಟು ದೂರ ಬಂದೀರಿ. ಆಕಿ ನಿಮಗೇನು ಆಗಬೇಕು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಇದ್ದದ್ದನ್ನೇ ಹೇಳಿದೆ. ಅವರು ಕನ್ನಡಕ ಮತ್ತೆ ಏರಿಸಿಕೊಂಡರು.

"ಹಂಗಿದ್ರ ಆ ಫೈಲಿನ್ಯಾಗ ನಿಮ್ಮ ಸಹಿ ಇರಬಾರದು. ನಾಳೆ ಯಾರರ ಸೇಡು ತೀರಿಸ್ಕೊಂಡ್ಳು ಅಂದ್ರ ಆಪರೇಷನ್ನೂ ಹೋಗ್ತದ, ನಿಮ್ಮ ನೌಕರಿನೂ ಹೋಗ್ತದ. ಬ್ಯಾರೆ ಸಿಸ್ಟರಿಗೆ ಕೊಡ್ರಿ. ಅವರು ಮೊದಲಿನಿಂದ ಮಾತಾಡ್ಲಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಆ ಮಾತನ್ನೇ ಯೋಚಿಸಿದೆ. ಸೇಡೇ? ಆ ಮನೆಗೆ ಇನ್ನು ಗಂಡು ಹುಟ್ಟದಂತೆ ಮಾಡುವುದರಲ್ಲಿ ನನಗೊಂದು ಗುಟ್ಟಿನ ಸಮಾಧಾನ ಇರಲಿಲ್ಲವೆಂದು ಎದೆ ಮುಟ್ಟಿ ಹೇಳಲಾರೆ. ಮರುದಿನ ಫೈಲನ್ನು ಹಿರಿಯ ನರ್ಸ್ ಒಬ್ಬರಿಗೆ ಒಪ್ಪಿಸಿದೆ. ಅವರು ಅವಳನ್ನು ಹೊಸದಾಗಿ ಕೂಡಿಸಿಕೊಂಡು ಅದೇ ಪ್ರಶ್ನೆಗಳನ್ನು ಕೇಳಿದರು. ನಾನು ಹೊರಗೆ ಲಸಿಕೆಯ ರಿಜಿಸ್ಟರ್ ಬರೆಯುತ್ತ ಕೂತೆ.

ಶನಿವಾರ ಔರಾದದಲ್ಲಿ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಇತ್ತು. ತಿಂಗಳ ಮೊದಲೇ ನನ್ನ ಹೆಸರು ಪಟ್ಟಿಯಲ್ಲಿತ್ತು. ಊಟದ ಹೊತ್ತಿಗೆ ಆ ಊರಿನ ಆಶಾ ನನ್ನನ್ನು ಹುಡುಕಿಕೊಂಡು ಬಂದಳು. "ನಿಮ್ಮತ್ತಿಯವರಿಗೆ ನೀವು ಬಂದಿದ್ದು ಗೊತ್ತಾಗ್ಯಾದರಿ ಅಕ್ಕಾ. ಕರಕೊಂಡೇ ಬಾ ಅಂದಾರ." ಹೋಗಬಾರದಿತ್ತು. ತರಬೇತಿ ಮುಗಿದದ್ದೇ ಅವಳ ಸ್ಕೂಟಿಯ ಹಿಂದೆ ಕೂತೆ.

ಒಂಬತ್ತು ವರ್ಷದ ಮೇಲೆ ಆ ಹೊಸ್ತಿಲು ದಾಟಿದೆ. ಪಡಸಾಲೆಯ ಕಲ್ಲು ಮೊದಲಿನಷ್ಟೇ ತಂಪಾಗಿತ್ತು. ಅತ್ತೆ ಅಡುಗೆಮನೆಯಿಂದ ಗೋಡೆ ಹಿಡಿದುಕೊಂಡು ಬಂದು, ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಮುಟ್ಟಿದಳು.

"ಬಡಕಾಗಿದಿಯಲ್ಲ ಯವ್ವಾ. ಹುಡುಗೇರು ಹ್ಯಾಂಗ ಅವ? ದೊಡ್ಡಾಕಿ ಎಷ್ಟನೇತ್ತ?"

"ಒಂಬತ್ತನೇತ್ತರಿ ಅತ್ತಿ."

ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೊಂದು ಹಿಡಿ ಶೇಂಗಾ ಹಿಂಡಿ ಹಾಕಿದಳು. ಅಷ್ಟರಲ್ಲಿ ಹೊರಗೆ ಆಡುತ್ತಿದ್ದ ಏಳು ವರ್ಷದ ಹುಡುಗಿ ಒಳಗೆ ಬಂದಳು. ಈಗಿನ ಸೊಸೆಯ ಹಿರಿಯ ಮಗಳು. ಶಾಲೆ ತಪ್ಪಬಾರದೆಂದು ಅಜ್ಜಿ ಅವಳನ್ನು ತಾಯಿಯ ಜೊತೆ ಕಳಿಸದೆ ಇಲ್ಲೇ ಇಟ್ಟುಕೊಂಡಿದ್ದಳು. ಅತ್ತೆ ಅವಳನ್ನು ಮೊಣಕಾಲಿನ ನಡುವೆ ಕೂಡಿಸಿಕೊಂಡು, ಮಂಜುಗಣ್ಣನ್ನು ಹತ್ತಿರ ತಂದು, ಜಡೆ ಬಿಚ್ಚಿ ಹೇನು ನೋಡತೊಡಗಿದಳು. ಹುಡುಗಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಪಾಠದ ಪದ್ಯ ಒದರುತ್ತಿದ್ದಳು. ಹೆಣ್ಣುಮಕ್ಕಳೆಂದರೆ ಆಗದ ಹೆಂಗಸೆಂದು ಯಾರೂ ಅತ್ತೆಯನ್ನು ಅನ್ನಲಾರರು.

"ನಿನಗೊಂದು ಮಾತು ಹೇಳಬೇಕಂತ ಕರಿಸೀನಿ," ಎಂದಳು. "ಸಣ್ಣಾಕಿ ತವರಿನ್ಯಾಗ ಅದಾಳ, ನಿಮ್ಮ ಭಾಲ್ಕಿ ಕಡಿನೇ. ಮೂರನೇದು ಹಡದಮ್ಯಾಲ ಮಾತ ಬಿಟ್ಟಾಳ. ನೀ ಒಂದೀಟು ಹೋಗಿ ಬುದ್ಧಿ ಹೇಳು. ಇನ್ನೊಂದು ಸಲ ನೋಡು ಅನ್ನು. ನೀ ನರ್ಸಮ್ಮ, ನಿನ್ನ ಮಾತ ಕೇಳ್ತಾಳ."

ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟೆ. ನನಗೆ ಗೊತ್ತಿದ್ದುದನ್ನು ಹೇಳುವಂತಿರಲಿಲ್ಲ. ದವಾಖಾನೆಯ ಬಾಗಿಲೊಳಗೆ ಕೇಳಿದ್ದು ಹೊರಗೆ ಬರಬಾರದು.

"ಸಾಕಲ್ರಿ ಅತ್ತಿ," ಎಂದೆ. "ಮೂರು ಆಗ್ಯಾವ. ಆಕಿ ಮೈಯಾಗ ರಕ್ತ ಇರಬೇಕಲ್ಲ. ಈ ಹುಡುಗೇರೇ ನಿಮ್ಮ ಮನಿ ನಡಸಂಗಿಲ್ಲೇನು?"

"ನಡಸ್ತಾವ ಯಾಕಿಲ್ಲ. ಆದ್ರ ಇವು ಮದಿವಿ ಆಗಿ ಹೋದಮ್ಯಾಲ ಆಕಿನ ಈ ಮನ್ಯಾಗ ಯಾರು ಕೇಳ್ತಾರ? ನನಗ ಐದು ಹೆಣ್ಣು ಹುಟ್ಟಿದಮ್ಯಾಲ ಈ ಮಗ ಹುಟ್ಟಿದ. ಆ ಐದೂ ಹಡಿಗಿ, ನನ್ನತ್ತಿ ನನ್ನ ತಾಟಿಗೆ ರೊಟ್ಟಿ ಬೀಸಾಡತಿದ್ದಳು. ಇವ ಹುಟ್ಟಿದ ದಿನ ಕೈಯಾಗ ಕೊಟ್ಟಳು. ಸಣ್ಣಾಕಿಗೆ ಅದು ತಿಳಿವಲ್ದು. ನಾ ಇರೂತನಾ ಯಾರೂ ಒಂದ್ ಮಾತ ಅನ್ನಂಗಿಲ್ಲ. ನಾ ಹೋದಮ್ಯಾಲ?"

ಅವಳಿಗೆ ಏನು ಹೇಳಲಿ? ನಿಮ್ಮತ್ತೆ ಮಾಡಿದ್ದು ತಪ್ಪು ಎನ್ನಲೇ, ಅದು ಅವಳಿಗೆ ಗೊತ್ತಿಲ್ಲವೇ? ತರಬೇತಿಯಲ್ಲಿ ಅದೇ ಬೆಳಿಗ್ಗೆ ಮೂವತ್ತು ಜನ ಆಶಾಗಳ ಮುಂದೆ ಗಟ್ಟಿಯಾಗಿ ಮಾತಾಡಿದ್ದ ನಾನು ತಾಟು ತೊಳೆಯಲು ಎದ್ದೆ.

ಹೊರಡುವಾಗ ಅವಳೇ ಹೇಳಿದಳು: "ಮಂಗಳವಾರ ಮುಂಜಾನೆ ಜೀಪ್ ಮಾಡ್ಕೊಂಡು ಕರಿಯಾಕ ಹೋಗ್ತೇವಿ. ಇವನೂ ರಜಾ ಹಾಕ್ಯಾನ. ಅದರ ಮೊದ್ಲ ಒಮ್ಮಿ ಹೋಗಿ ಬಾ ಯವ್ವಾ."

ಔರಾದದ ಬಸ್ ನಿಲ್ದಾಣದಲ್ಲಿ ಭಾಲ್ಕಿಯ ಬಸ್ಸಿಗೆ ಕಾಯುತ್ತ ಫೋನು ಕೈಯಲ್ಲಿ ಹಿಡಿದು ನಿಂತೆ. ಆ ಫೈಲು ನನ್ನದಲ್ಲ. ಈ ಸುದ್ದಿ ನನಗೆ ಸಿಕ್ಕಿದ್ದು ನಂಬಿ ಉಣಬಡಿಸಿದವಳ ಬಾಯಿಂದ. ಹೇಳಿದರೆ ಅತ್ತೆಗೆ ದ್ರೋಹ, ಹೇಳದಿದ್ದರೆ ಅವಳಿಗೆ. ಒಂದು ಬಸ್ಸು ಬಿಟ್ಟೆ. ಎರಡನೆಯದು ಬರುವ ಮುನ್ನ ಅವಳಿಗೆ ಫೋನು ಮಾಡಿ, "ಮಂಗಳವಾರ ನಿನ್ನ ಕರಿಯಾಕ ಬರ್ತಾರ. ನೀನು ಬೆಳಕು ಹರಿದ ಕೂಡಲೇ ಮನಿ ಬಿಡು," ಎಂದೆ. ಹಿರಿಯ ನರ್ಸಿಗೂ ತಿಳಿಸಿದೆ. ಸೋಮವಾರವೇ ಬೀದರಿನಲ್ಲಿ ಮಾಡಿಸಬಹುದೇ ಎಂದು ಅವರು ವಿಚಾರಿಸಿದರು. ಅಲ್ಲಿ ಪಟ್ಟಿ ತುಂಬಿತ್ತು. ನಮ್ಮಲ್ಲೇ ಅವಳ ಹೆಸರನ್ನು ಮೊದಲಿಗೆ ಬರೆದರು.

ಮಂಗಳವಾರ ಏಳೂವರೆಗೆ ಅವಳು ತಾಯಿ, ಕೂಸಿನ ಜೊತೆ ಬಂದಳು. ಹಿಮೋಗ್ಲೋಬಿನ್ 7.3. ಮೂತ್ರ ಪರೀಕ್ಷೆಯಲ್ಲಿ ಬಸಿರಿಲ್ಲ. ಬಿ.ಪಿ. ಸರಿ. ಸುತ್ತೋಲೆ ಫೈಲಿನಲ್ಲಿ. ಹಸಿರು ಗೌನು ತೊಡಿಸಿ ಒಳಗೆ ಕೂಡಿಸಿದರು. ಹತ್ತಕ್ಕೆ ಬರಬೇಕಿದ್ದ ಸರ್ಜನ್ ಫೋನು ಮಾಡಿದರು. ಬೀದರಿನಲ್ಲಿ ಒಂದು ಹೆರಿಗೆ ಕಷ್ಟದಲ್ಲಿದೆ, ಹೊಟ್ಟೆ ಕೊಯ್ಯಲೇಬೇಕು, ಹನ್ನೆರಡಾಗುತ್ತದೆ. ಯಾರನ್ನು ಬೈಯಲಿ? ಅಲ್ಲಿಯೂ ಒಬ್ಬ ಹೆಂಗಸೇ ಮಲಗಿದ್ದಳು.

ಹನ್ನೊಂದೂವರೆಗೆ ಗೇಟಿನಲ್ಲಿ ಜೀಪ್ ನಿಂತಿತು. ಅವಳನ್ನು ಕರೆಯಲು ತವರಿಗೆ ಹೋದವರಿಗೆ, ಕೂಸಿಗೆ ಸೂಜಿ ಹಾಕಿಸಲು ಭಾಲ್ಕಿಗೆ ಹೋಗಿದ್ದಾಳೆ ಎಂದು ಅವಳ ಅಪ್ಪ ಹೇಳಿದ್ದ. ಅತ್ತೆ ನೇರ ನನ್ನ ಹತ್ತಿರವೇ ಬಂದಳು.

"ಎಲ್ಲಿ ಅದಾಳವ್ವಾ ಆಕಿ?"

"ಒಳಗಿದ್ದವರ ಸುದ್ದಿ ನಾ ಹೇಳಾಕ ಬರಂಗಿಲ್ರಿ ಅತ್ತಿ."

ಅಷ್ಟರಲ್ಲಿ ಆಪರೇಷನ್ ಕೋಣೆಯ ಹೊರಗಿನಿಂದ ಕೂಸು ಅತ್ತಿತು. ಅತ್ತೆ ಆ ಕಡೆ ತಿರುಗಿ, ಬಾಗಿಲ ಮೇಲಿನ ಬೋರ್ಡನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಓದಲು ಬಾರದವಳಿಗೂ ಅದು ಅರ್ಥವಾಯಿತು. ಕೂಗಾಡಲಿಲ್ಲ. ಬೀಗತಿಯ ಕೈಯಿಂದ ಕೂಸನ್ನು ಇಸಿದುಕೊಂಡು ಆ ಬಾಗಿಲ ಮುಂದೆ ನೆಲದ ಮೇಲೆ ಕೂತಳು. ಅತ್ತೆಯ ಮಗ ಗೇಟಿನ ಬಳಿಯೇ ನಿಂತಿದ್ದ. ಒಳಗೆ ಬರಲೇ ಇಲ್ಲ.

ಸರ್ಜನ್ ಬಂದಾಗ ಹನ್ನೆರಡೂ ಕಾಲು. ಸುತ್ತೋಲೆ ಓದಿದರು. "ಆಯ್ತು. ಆಕಿ ಹೂಂ ಅಂದ್ರ ಮಾಡ್ತೇನಿ. ಯಾರರ ಬರ್ಲಿ, ನೋಡೋಣು," ಎಂದು ಒಳಗೆ ಹೋದರು. ಬಾಗಿಲು ಅರೆ ತೆರೆದಿದ್ದಾಗ ಅತ್ತೆ ಕೂತಲ್ಲಿಂದಲೇ, ದನಿ ಏರಿಸದೆ ಹೇಳಿದಳು.

"ದೊಡ್ಡಾಕಿ ದಿನಾ ಕೇಳ್ತಾಳ, ಅವ್ವ ಎಂದ ಬರ್ತಾಳಂತ. ನೀ ಇದು ಮಾಡಿಸ್ಕೊಂಡ್ರ ಆಕಿಗೆ ನಾ ಏನಂತ ಹೇಳ್ಲಿ?"

ಮುಂದಿನದನ್ನು ಹಿರಿಯ ನರ್ಸ್ ನನಗೆ ಹೇಳಿದರು. ಅವಳು ಟೇಬಲ್ಲಿನ ಅಂಚಿನ ಮೇಲೆ ಕೂತು ಕಾಲಿನ ಬೆರಳು ನೋಡುತ್ತಿದ್ದಳಂತೆ. ಸರ್ಜನ್ ಎರಡು ಸಲ ಕೇಳಿದರಂತೆ. ಎರಡು ಸಲವೂ "ಬ್ಯಾಡರಿ" ಎಂದಳಂತೆ. ಸರ್ಜನ್ ಹೊರಗೆ ಬಂದು ಗವಸು ಬಿಚ್ಚಿದರು.

"ಸರ್, ಆಕಿ ಅಂಜ್ಯಾಳ," ಎಂದೆ.

"ನನಗೂ ಕಾಣಸ್ತದ. ಆಕಿ ಮಾತೇ ಸಾಕು ಅಂತ ನೀವೇ ಕಾಗದ ತಂದ್ರಿ. ಈಗ ಆಕಿ ಬ್ಯಾಡ ಅಂದ್ರ ಆ ಮಾತು ಬಿಟ್ಟು ನಾನೇನು ಮಾಡ್ಲಿ ಸಿಸ್ಟರ್?"

ಫೈಲಿನ ಕೊನೆಯ ಪುಟದಲ್ಲಿ ಹಿರಿಯ ನರ್ಸ್ "ಸ್ವಇಚ್ಛೆಯಿಂದ ಹಿಂದೆ ಸರಿದಿದ್ದಾರೆ" ಎಂದು ಬರೆದರು.

ಸೀರೆ ಉಟ್ಟುಕೊಳ್ಳಲು ಹೋದವಳು ಪರದೆಯ ಹಿಂದಿನಿಂದ ನನ್ನನ್ನು ಕರೆದಳು. "ಆ ಮೂರು ತಿಂಗಳ ಸೂಜಿ ಹಾಕ್ರಿ ಅಕ್ಕಾ. ಲಗೂನ. ಕೂಸು ಹಾಲು ಕುಡಿಲಿಕತ್ತದಲ್ಲ, ತಿಂಗಳಿಂದು ಆಗಿಲ್ಲಂದ್ರ ಇನ್ನೊಂದೀಟು ದಿನ ನಂಬ್ತಾರ." ಲೇಡಿ ಡಾಕ್ಟರನ್ನು ಓಡಿ ಕರೆತಂದೆ. ಅವರು ನೋಡಿ ಒಪ್ಪಿದರು. ಹಿರಿಯ ನರ್ಸ್ ಮುಂದಿನ ಆಪರೇಷನ್ನಿಗೆ ಒಳಗಿದ್ದರು, ನಾನೇ ತೋಳಿಗೆ ಚುಚ್ಚಿದೆ. ಮೂರು ತಿಂಗಳ ಕಾರ್ಡನ್ನು ಅವಳು ಒಯ್ಯುವಂತಿರಲಿಲ್ಲ. ಮುಂದಿನ ಸೂಜಿಯ ತಾರೀಖನ್ನು ಬಾಯಿಪಾಠ ಮಾಡಿಸಿದೆ. ಎರಡು ಸಲ ಹೇಳಿ ತೋರಿಸಿದಳು.

ಜೀಪ್ ಹತ್ತುವ ಮುನ್ನ ಅತ್ತೆ ನನ್ನ ಮುಂದೆ ನಿಂತಳು.

"ಶನಿವಾರ ನನ್ನ ಮನ್ಯಾಗ ಕೂತು ಉಂಡಿ. ಆಗ ನಿನಗ ಗೊತ್ತಿತ್ತೇನು?"

"ಗೊತ್ತಿತ್ತರಿ."

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲ," ಎಂದಳು. ಸೆರಗಿನಿಂದ ಮಂಜುಗಣ್ಣು ಒರೆಸಿಕೊಂಡಳು. "ಆದ್ರ ಇನ್ನ ಆ ಕಡಿ ಬರಬ್ಯಾಡ."

ಮೂರು ತಿಂಗಳು ಕಳೆದವು. ತಾರೀಖಿನ ದಿನ ಅವಳು ಬರಲಿಲ್ಲ. ನಾಲ್ಕು ವಾರ ತಡವಾದರೂ ಸೂಜಿ ಕೊಡಬಹುದೆಂದು ನಿಯಮವಿದೆ. ಪ್ರತಿದಿನ ಬಾಗಿಲ ಕಡೆ ನೋಡಿದೆ. ಕೊನೆಯ ವಾರದ ಒಂದು ಮಧ್ಯಾಹ್ನ ತಡೆಯಲಾರದೆ ಅವಳ ನಂಬರಿಗೆ ಫೋನು ಮಾಡಿದೆ. ಎತ್ತಿದ್ದು ಅವಳ ದೊಡ್ಡ ಮಗಳು.

"ಅವ್ವ ಎಲ್ಲಿ ಪುಟ್ಟಾ?"

"ಊರಿಗೆ ಹೋಗ್ಯಾಳ. ನಮ್ಮಜ್ಜಿ ಸಂಗಟ. ಜೀಪಿನ್ಯಾಗ."

"ಯಾವ ಊರಿಗೆ?"

"ಗೊತ್ತಿಲ್ರಿ. ಗಡಿ ಆಚಿ ಅಂತ. ನಾಳಿ ಬರ್ತಾರಂತ. ನೀವ್ಯಾರ್ರಿ?"

"ದವಾಖಾನಿಯವರು," ಎಂದೆ.

"ನಮ್ಮ ಮನ್ಯಾಗ ಎಲ್ಲಾರೂ ಆರಾಮ ಅದಾರ್ರಿ," ಎಂದು ಫೋನಿಟ್ಟಳು.